ದಪ್ಪಮ್ಮನ ವಾರಸುದಾರರು

ಮೇ ೨, ೨೦೧೭

ನಿವೃತ್ತಿಯಾದ ದಿನ ಪಣ ತೊಟ್ಟಿದ್ದೆ, ಇನ್ನು ಯಾರ ಕಾಗದಪತ್ರಕ್ಕೂ ಕೈ ಹಾಕುವುದಿಲ್ಲ ಎಂದು. ಮೂವತ್ತೆಂಟು ವರ್ಷ ನೋಂದಣಿ ಕಚೇರಿಯಲ್ಲಿ ಕೂತು ಈ ಕುರಾಲೆವು ಊರಿನ ಹುಟ್ಟು, ಸಾವು, ಮದುವೆ ಎಲ್ಲ ಬರೆದು ಬೆರಳು ಸವೆಸಿದವಳು ನಾನು. ಆ ಪಣ ಇವತ್ತು ಮಧ್ಯಾಹ್ನ ಮುರಿಯಿತು.

ಬಂದವಳು ಯಾಸ್ನಾ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬೆಂಕಿಯ ಸೈರನ್ ಕೇಳಿದರೆ ಬಿಳಿ ಕೋಟು ಕಳಚಿ ಬಿಸಾಡಿ ಹೆಲ್ಮೆಟ್ ಹಾಕಿಕೊಂಡು ಓಡುತ್ತಾಳೆ. ಸ್ವಯಂಸೇವಕರ ಎರಡನೇ ಅಗ್ನಿಶಾಮಕ ದಳಕ್ಕೆ ಈಗ ಅವಳೇ ಕ್ಯಾಪ್ಟನ್. ಆದರೂ ಹಿರಿಯಳೆಂದು ನನ್ನನ್ನು 'ದೊನ್ಯ' ಸೇರಿಸಿಯೇ ಕರೆಯುತ್ತಾಳೆ.

"ದೊನ್ಯ ಎರ್ನಾ, ಆ ಮುಚ್ಚಿಹೋದ ಮರದ ಮಿಲ್ಲಲ್ಲಿ ಒಂದು ಹಳೇ ಫೈರ್ ಇಂಜಿನ್ ಸಿಕ್ತು. ಮಾಲೀಕನ ಮಕ್ಳು ಒಯ್ಕೊಳ್ಳಿ ಅಂದ್ರು, ಎಳ್ಕೊಂಡು ಬಂದ್ವಿ. ದಳಕ್ಕೆ ನೂರು ವರ್ಷ ತುಂಬ್ತಿದೆ, ರಿಪೇರಿ ಮಾಡಿ ಹಜಾರದಲ್ಲಿ ನಿಲ್ಲಿಸ್ಬೇಕು ಅಂತ ಆಸೆ. ಆದ್ರೆ ಕಾಗದಾನೇ ಇಲ್ಲ. ಯಾರಿಂದ ಯಾರ ಕೈಗೆ ಹೋಯ್ತು ಅಂತ ತೋರಿಸ್ದೆ ನಮ್ಮ ಹೆಸರಿಗೆ ಮಾಡ್ಕೊಡಲ್ವಂತೆ."

"ನಾನೇನು ಮೆಕ್ಯಾನಿಕ್ಕಾ?"

"ಮೆಕ್ಯಾನಿಕ್ ಎಲ್ಲಾದ್ರೂ ಸಿಗ್ತಾನೆ. ಹಳೇ ಕಾಗದ ಓದೋರು ಸಿಗಲ್ಲ."

ಫೋನಿನಲ್ಲಿ ಫೋಟೋ ತೋರಿಸಿದಳು. ಮಿಲ್ಲಿನವರು ಹಳದಿ ಬಣ್ಣ ಬಳಿದಿದ್ದಾರೆ, ಗಾಜಿಲ್ಲ, ಮುಂದಿನ ದೀಪ ಒಂದೇ. ಆದರೂ ನೋಡಿದ ತಕ್ಷಣ ಗುರುತು ಹಿಡಿದೆ. ಆ ಗುಂಡು ಗುಂಡು ಮಡ್‌ಗಾರ್ಡ್, ಅಗಲವಾದ ಸೊಂಟ. ನಾವು ಮಕ್ಕಳು ಅದನ್ನು ದಪ್ಪಮ್ಮ ಎನ್ನುತ್ತಿದ್ದೆವು, ಊರೂ ಹಾಗೇ ಎನ್ನುತ್ತಿತ್ತು.

ನನ್ನ ಅಪ್ಪನನ್ನು ಕೊಂದ ಗಾಡಿ. ಯಾಸ್ನಾಗೆ ಅದನ್ನು ಹೇಳಲಿಲ್ಲ. ನೋಡ್ತೀನಿ ಬಿಡು ಎಂದೆ.

ಮೇ ೩

ದಳಕ್ಕೆ ಕೊಡಬೇಕಾದ ವರದಿಗೆ ನೀಲಿ ಪುಸ್ತಕ. ಇದು ನನಗೊಬ್ಬಳಿಗೇ. ಅದರಲ್ಲಿ ಬರೆಯಬಾರದ್ದನ್ನೆಲ್ಲ ಇಲ್ಲಿ ಬರೆದುಬಿಡುತ್ತೇನೆ.

ಅಪ್ಪ ದೆಲ್ಫಿನ್ ಒಯಾರ್ಸೊ, ಎರಡನೇ ದಳದ ಠಾಣೆಯ ಚಾಲಕರು. ಸ್ವಯಂಸೇವಕರೆಂದರೆ ವಕೀಲರು, ಡಾಕ್ಟರು, ಅಂಗಡಿಯವರು. ಬೆಂಕಿ ಬಿದ್ದಾಗ ಬಂದು, ಆರಿದ ಮೇಲೆ ಮನೆಗೆ ಹೋಗುವವರು. ಅಪ್ಪ ಸಂಬಳದವರು. ಠಾಣೆಯ ಹಿಂದಿನ ಎರಡು ಕೋಣೆಯಲ್ಲಿ ಸಂಸಾರ ಹೂಡಿ, ಗಾಡಿ ತೊಳೆದು, ಎಣ್ಣೆ ಹಾಕಿ, ಕರೆ ಬಂದರೆ ಓಡಿಸುವವರು. ನಾನು ಹುಟ್ಟಿದ್ದು ಆ ಕೋಣೆಯಲ್ಲೇ. ಭಾನುವಾರ ಗಾಡಿ ತೊಳೆದಾದ ಮೇಲೆ ನನ್ನನ್ನು ಬಾನೆಟ್ ಮೇಲೆ ಕೂರಿಸಿ, ಕೈಯಲ್ಲಿ ತಿರುಗಿಸುವ ಸೈರನ್ನಿನ ಹಿಡಿಕೆ ಕೊಡುತ್ತಿದ್ದರು. "ಮೊದಲ್ನೇ ಮೂರು ಸುತ್ತು ಏನೂ ಕೇಳ್ಸಲ್ಲ ಕಣೇ. ಹೆದರ್ಬೇಡ. ತಿರುಗಿಸ್ತಾನೇ ಇರು."

೧೯೬೩ರ ಆಗಸ್ಟ್ ೧೭. ನನಗೆ ಒಂಬತ್ತು ವರ್ಷ. ದಪ್ಪಮ್ಮನನ್ನು ಬೆಟ್ಟದ ಬುಡದ ತ್ರಾಯೆನ್ ಎಂಬ ಊರಿಗೆ ತಲುಪಿಸಲು ಹೋದ ಅಪ್ಪ ಮರದ ಸೇತುವೆ ಕುಸಿದು ಸತ್ತರು. ಸೇವೆಯಲ್ಲಿ ಮಡಿದವರ ಹೆಸರನ್ನು ನಮ್ಮ ಠಾಣೆಯ ಹಜಾರದಲ್ಲಿ ಅಮೃತಶಿಲೆಯ ಮೇಲೆ ಕೆತ್ತಿದ್ದಾರೆ. ಪ್ರತಿ ಜೂನ್ ಮೂವತ್ತು, ಅಗ್ನಿಶಾಮಕರ ದಿನ, ಒಂದೊಂದೇ ಹೆಸರು ಕೂಗುತ್ತಾರೆ, ಇಡೀ ದಳ ನೆಟ್ಟಗೆ ನಿಂತು "ಹಾಜರ್!" ಎನ್ನುತ್ತದೆ. ಅಪ್ಪನ ಹೆಸರು ಅಲ್ಲಿಲ್ಲ. ಗಾಡಿ ಆಗಲೇ ತ್ರಾಯೆನ್‌ನವರದಾಗಿತ್ತು, ಅವನು ಬೆಂಕಿಗೆ ಹೋಗುತ್ತಿರಲಿಲ್ಲ, ಸಾಮಾನು ತಲುಪಿಸಲು ಹೋಗುತ್ತಿದ್ದ ಎಂದು ಅಂದಿನ ದೊಡ್ಡ ಮನುಷ್ಯರು ತೀರ್ಮಾನಿಸಿದರು. ಸಾಮಾನು ತಲುಪಿಸಲು! ತಿಂಗಳೊಳಗೆ ಹೊಸ ಚಾಲಕ ಬಂದ, ನಾವು ಕೋಣೆ ಖಾಲಿ ಮಾಡಿದೆವು. ಅಮ್ಮ ಲಾಡ್ಜಿನ ಚಾದರ ಒಗೆದು ನನ್ನನ್ನು ಓದಿಸಿದಳು.

ಕೋಣೆ ಬಿಡುವ ಮುಂಚೆ ತ್ರಾಯೆನ್‌ನಿಂದ ಇಬ್ಬರು ಗಂಡಸರು ಒಂದು ಕುರಿಮರಿ, ಒಂದು ಮೂಟೆ ಆಲೂಗಡ್ಡೆ ಹೊತ್ತು ಬಂದಿದ್ದರು. ಅಮ್ಮ ಹೊಸ್ತಿಲು ದಾಟಲು ಬಿಡಲಿಲ್ಲ. "ಗಾಡಿ ತಗೊಂಡ್ರಿ, ಗಂಡನ್ನ ತಗೊಂಡ್ರಿ. ಇನ್ನೇನು ಉಳಿದಿದೆ ಅಂತ ಬಂದ್ರಿ?" ಕುರಿಮರಿಯನ್ನು ವಾಪಸು ಒಯ್ದರು. ಮೂಟೆ ಅಂಗಳದಲ್ಲೇ ಮೊಳಕೆಯೊಡೆದು ಕೊಳೆಯಿತು. ಆ ಜನರ ಊರಿನ ಕಡೆ ನಾನು ಈವರೆಗೆ ತಲೆ ಹಾಕಿಲ್ಲ.

ಈಗ ದಪ್ಪಮ್ಮನ ಒಡೆತನದ ಚರಿತ್ರೆ ತಾನಾಗಿ ನನ್ನ ಕೈಗೆ ಬಂದಿದೆ. ಆ ದಿನ ಗಾಡಿ ನಮ್ಮದೇ ಆಗಿತ್ತು ಎನ್ನುವ ಒಂದೇ ಒಂದು ಕಾಗದ ಸಿಕ್ಕರೆ ಅಪ್ಪನ ಹೆಸರು ಕಲ್ಲಿನ ಮೇಲೆ ಏರುತ್ತದೆ. ನನಗೆ ಬೇಕಾದ್ದು ಅಷ್ಟೇ.

ಮೇ ೯

ಠಾಣೆಯ ಹಿಂದಿನ ಶೆಡ್ಡಿಗೆ ಹೋಗಿ ಗಾಡಿ ನೋಡಿದೆ. ಐವತ್ನಾಲ್ಕು ವರ್ಷದ ಮೇಲೆ. ಎಷ್ಟು ಚಿಕ್ಕದಾಗಿಬಿಟ್ಟಿದೆ!

ಯಾಸ್ನಾ ಬಾಗಿಲಿನ ಬಣ್ಣವನ್ನು ಮರಳು ಕಾಗದದಿಂದ ಪದರ ಪದರವಾಗಿ ತೆಗೆಯುತ್ತಿದ್ದಳು. ಮೇಲೆ ಮಿಲ್ಲಿನ ಹಳದಿ, ಅದರಡಿ ಅಗ್ಗದ ಕೆಂಪು, ಅದರಡಿ ನಮ್ಮ ಗಾಢ ಕೆಂಪು, ಎಲ್ಲಕ್ಕಿಂತ ಕೆಳಗೆ ಹಸಿರು. ಅಮೆರಿಕದಲ್ಲಿ ಹುಟ್ಟಿ, ಮೊದಲು ಯಾವುದೋ ಬಂದರಿನಲ್ಲಿ ದುಡಿದು, ೧೯೪೬ರಲ್ಲಿ ನಮ್ಮೂರಿಗೆ ಬಂದಿತ್ತು ಎಂದು ಅಪ್ಪ ಹೇಳುತ್ತಿದ್ದರು. ಹಸಿರು ಆ ಬಂದರಿನದ್ದಿರಬೇಕು.

"ಇಲ್ಲಿ ಏನಿತ್ತು ದೊನ್ಯ ಎರ್ನಾ?" ಬಾನೆಟ್ ಪಕ್ಕದ ಖಾಲಿ ಕಬ್ಬಿಣದ ಪಟ್ಟಿಗೆ ಕೈ ಇಟ್ಟು ಕೇಳಿದಳು. ನಾಲ್ಕು ಬೋಲ್ಟಿನ ತೂತು.

"ಸೈರನ್."

"ನಿಮಗೆ ಹೇಗೆ ಗೊತ್ತು?"

ಕೈಚೀಲ ಎತ್ತಿಕೊಂಡು ಹೊರಟೆ. ಗಾಡಿಯನ್ನು ಮುಟ್ಟಲೂ ಇಲ್ಲ. ಸೈರನ್ ಕದ್ದು ಮಾರಿಕೊಂಡಿರಬೇಕು ಆ ಜನ.

ಮೇ ೧೬

ಸಿಕ್ಕಿತು! ಸಿಕ್ಕೇಬಿಟ್ಟಿತು!

ಒಂದು ವಾರದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಠಾಣೆಯ ಹಳೇ ಕಾವಲು ಪುಸ್ತಕಗಳನ್ನು ನೋಡುತ್ತಿದ್ದೆ. ಯಾವ ಗಾಡಿ ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಬಂತು, ಎಲ್ಲ ಬರೆಯುತ್ತಿದ್ದರು. ಆಗಸ್ಟ್ ೧೭ರ ಪುಟ: "ಬಿ-೨ ಗಾಡಿ ಮಧ್ಯಾಹ್ನ ಮೂರು ಹತ್ತಕ್ಕೆ ಬೆಂಕಿ ಕರೆಗೆ ಹೊರಟಿತು." ದಪ್ಪಮ್ಮನ ಬೆನ್ನ ಮೇಲೆ ಬಿ-೨ ಎಂದು ಇಷ್ಟು ದೊಡ್ಡಕ್ಕೆ ಬರೆದಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅಂದರೆ ಅಪ್ಪ ಬೆಂಕಿಗೇ ಹೋಗುತ್ತಿದ್ದರು. ನಮ್ಮ ದಳದ ಕರೆಗೆ, ನಮ್ಮ ಗಾಡಿಯಲ್ಲಿ.

ಮನೆಗೆ ಬಂದು ಕುಂಬಳಕಾಯಿಯ ಸೊಪೈಪಿಯಾ ರೊಟ್ಟಿ ಕರಿದೆ. ಒಬ್ಬಳೇ ಆರು ತಿಂದೆ. ಹಿಟ್ಟಿಗೆ ಕುಂಬಳಕಾಯಿ ಹೆಚ್ಚಾಗಿ ಸ್ವಲ್ಪ ಮೆತ್ತಗಾಗಿತ್ತು, ಆದರೂ ಎಷ್ಟು ರುಚಿ! ಅಮ್ಮ ಇದ್ದಿದ್ದರೆ ಇದನ್ನು ಓದಿ ಹೇಳಬಹುದಿತ್ತು.

ಮೇ ೧೭

ದಳದ ಅಧ್ಯಕ್ಷ ದೊನ್ ರೆಯ್ನಾಲ್ಡೊ ಅವರ ಕಬ್ಬಿಣದ ಅಂಗಡಿಗೆ ಪುಸ್ತಕ ಎತ್ತಿಕೊಂಡೇ ಹೋದೆ. ಎಪ್ಪತ್ನಾಲ್ಕು ವರ್ಷ ಅವರಿಗೆ. ಅಪ್ಪ ಸತ್ತಾಗ ದಳದಲ್ಲಿ ಹೊಸದಾಗಿ ಸೇರಿದ ಹುಡುಗ. ಕನ್ನಡಕ ಏರಿಸಿ ಓದಿದರು. ಮುಖದಲ್ಲಿ ಏನೂ ಇಲ್ಲ.

"ಎರ್ನಾ, ಇದು ದಪ್ಪಮ್ಮ ಅಲ್ಲ."

"ಬಿ-೨ ಅಂತ ಬರ್ದಿದೆಯಲ್ಲ! ಕಣ್ಣು ಕಾಣ್ಸುತ್ತೆ ತಾನೆ?"

"ಬಿ-೨ ಅನ್ನೋದು ಗಾಡಿ ಹೆಸರಲ್ಲ ಕಣಮ್ಮ, ಠಾಣೇಲಿ ಅದು ನಿಲ್ಲೋ ಜಾಗದ ಹೆಸ್ರು. ಹಳೇದು ಹೋಗಿ ಹೊಸದು ಬಂದ್ರೆ, ನಂಬರು ಹೊಸದಕ್ಕೆ. ಆವತ್ತು ಬೆಳಿಗ್ಗೆ ದಪ್ಪಮ್ಮನ ಬೆನ್ನಿಂದ ನಂಬರು ಕೆರೆದು ತೆಗೆದಿದ್ದು ನಾನೇ. ನಿಮ್ಮಪ್ಪ ಪಕ್ಕದಲ್ಲೇ ನಿಂತು ನೋಡ್ತಿದ್ರು. ಮೂರು ಹತ್ತಕ್ಕೆ ಹೋಗಿದ್ದು ಹೊಸ ಗಾಡಿ, ಹಿಟ್ಟಿನ ಗಿರಣಿಗೆ. ನಾನೂ ಹೋಗಿದ್ದೆ."

ಪುಸ್ತಕ ಮುಚ್ಚಿಕೊಂಡು ಬಂದೆ. ನೋಂದಣಿ ಕಚೇರಿಯಲ್ಲಿ ಸತ್ತವನ ನಂಬರನ್ನು ಇನ್ನೊಬ್ಬನಿಗೆ ಕೊಡುವುದಿಲ್ಲ. ಹುಟ್ಟಿದವನಿಗೆ ಒಂದು ನಂಬರು, ಅವನು ಸತ್ತರೂ ಅದು ಅವನದೇ. ಎಲ್ಲರೂ ಹಾಗೇ ಎಂದು ನಂಬಿದ್ದೆ. ಠಾಣೆಯಲ್ಲೇ ಹುಟ್ಟಿ ಬೆಳೆದವಳಿಗೆ ಇಷ್ಟು ಗೊತ್ತಾಗಲಿಲ್ಲವಲ್ಲ!

ಮೇ ೧೮

ಒಲೆ ಹಚ್ಚಲಿಲ್ಲ. ಏನೂ ಮಾಡಲಿಲ್ಲ.

ಮೇ ೨೯

ಯಾಸ್ನಾ ಬಿಡುವವಳಲ್ಲ. "ಅರ್ಧ ದಾರೀಲಿ ಕೈ ಚೆಲ್ಬೇಡಿ" ಎಂದು ಹಳೇ ಕಾಗದದ ಎರಡು ಪೆಟ್ಟಿಗೆ ಮನೆಗೇ ತಂದು ಹಾಕಿದಳು. ನನ್ನ ಅಪ್ಪ ಯಾರೆಂದು ಅವಳಿಗೆ ಈಗ ಗೊತ್ತು. ದೊನ್ ರೆಯ್ನಾಲ್ಡೊ ಹೇಳಿರಬೇಕು. ಆ ವಿಷಯ ಎತ್ತದೆ, 'ಮಾತೆ' ಎನ್ನುವ ನಮ್ಮ ಚಹಾದ ಎಲೆಗೆ ಬಿಸಿನೀರು ಹಾಕಿ ಕೊಟ್ಟು ಪಕ್ಕದಲ್ಲಿ ಕೂತಳು. ಒಳ್ಳೆಯ ಹುಡುಗಿ.

ಎರಡನೇ ಪೆಟ್ಟಿಗೆಯಲ್ಲಿ ಹಸ್ತಾಂತರ ಪತ್ರ ಸಿಕ್ಕಿತು. ೧೯೬೩ರ ಆಗಸ್ಟ್ ೧೭, ಬೆಳಿಗ್ಗೆ ಹತ್ತು ಗಂಟೆ. "ಈ ಕ್ಷಣದಿಂದ ಸದರಿ ವಾಹನವು ತ್ರಾಯೆನ್ ಸ್ವಯಂಸೇವಕ ದಳದ ಸ್ವತ್ತು." ಎರಡೂ ಕಡೆಯ ಸಹಿ ಇದೆ. ನೋಟರಿಯ ಮುದ್ರೆ ಇಲ್ಲ. ನಮ್ಮ ಪ್ರತಿಗೆ ಹಾಕಿಸಲು ಮರೆತರೋ, ಹಾಕಿಸಲೇ ಇಲ್ಲವೋ ದೇವರಿಗೇ ಗೊತ್ತು. ಆ ನೋಟರಿ ಕಚೇರಿ ಎಪ್ಪತ್ತೊಂದರಲ್ಲಿ ಸುಟ್ಟುಹೋಯಿತು, ಅಲ್ಲಿ ಕೇಳುವ ಹಾಗಿಲ್ಲ. ಇನ್ನೊಂದು ಪ್ರತಿ ಇದ್ದರೆ ತ್ರಾಯೆನ್‌ನಲ್ಲೇ ಇರಬೇಕು.

ಜೂನ್ ೫

ದೊನ್ ರೆಯ್ನಾಲ್ಡೊ ಮನೆಗೆ ಬಂದಿದ್ದರು, ಕೈಯಲ್ಲಿ ಸೇಬಿನ ಕೇಕು. ಅವರು ನನ್ನ ಮನೆಗೆ ಬಂದದ್ದು ಇದೇ ಮೊದಲು.

"ಮುದ್ರೆ ಇಲ್ದಿರೋ ಕಾಗದ ಕಾಗದವೇ ಅಲ್ಲ ಅಂತ ನಿಮಗೆ ನಾನು ಹೇಳ್ಬೇಕಾ? ವರದೀಲಿ ಅಷ್ಟೇ ಬರೀರಿ. ಹಸ್ತಾಂತರ ಆಗ್ಲೇ ಇಲ್ಲ ಅಂತಾಯ್ತು. ಗಾಡಿ ಆವತ್ತೂ ನಮ್ದು, ಇವತ್ತೂ ನಮ್ದು. ನಮ್ಮ ಗಾಡೀಲಿ ಸತ್ತ ನಮ್ಮ ಚಾಲಕ, ಸೇವೇಲಿ ಮಡಿದ ಹಾಗೆ. ಈ ಮೂವತ್ತನೇ ತಾರೀಖು ಕಲ್ಲಿನ ಮೇಲೆ ಹೆಸರು ಕೆತ್ತಿಸ್ತೀನಿ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ."

"ತ್ರಾಯೆನ್‌ನವ್ರ ಹತ್ರ ಮುದ್ರೆ ಇರೋ ಪ್ರತಿ ಇದ್ರೆ?"

"ಅವ್ರನ್ನ ಕೇಳೋರ್ಯಾರು? ನಾನು ಕೇಳಲ್ಲ. ನೀವು ಕೇಳ್ತೀರಾ?"

ನಗುನಗುತ್ತಲೇ ಹೋದರು. ಐವತ್ನಾಲ್ಕು ವರ್ಷ ಬೇಡಿದ್ದನ್ನು ಕೇಕಿನ ಜೊತೆ ತಂದು ಮೇಜಿನ ಮೇಲಿಟ್ಟು ಹೋಗಿದ್ದಾರೆ. ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಕೇಕು ಚೆನ್ನಾಗಿತ್ತು.

ಜೂನ್ ೮

ವರದಿ ಬರೆಯಲು ಕೂತೆ. "ಹಸ್ತಾಂತರವು ಊರ್ಜಿತವಾಗಿಲ್ಲ" ಎಂದು ಮೂರು ಸಲ ಬರೆದೆ, ಮೂರು ಸಲ ಹರಿದೆ. ಇದೇ ಕೈ ಎಷ್ಟು ಜನರನ್ನು ವಾಪಸು ಕಳಿಸಿದೆ, "ಇನ್ನೊಂದು ಪ್ರತಿ ತನ್ನಿ, ಆಮೇಲೆ ನೋಡೋಣ" ಎಂದು! ಬೆಟ್ಟ ಇಳಿದು ಬಂದ ಮುದುಕಿಯರನ್ನೂ ಬಿಟ್ಟಿರಲಿಲ್ಲ ನಾನು.

ತ್ರಾಯೆನ್‌ನವರ ಬಳಿ ಏನೂ ಇರುವುದಿಲ್ಲ. ಇರಲಿಕ್ಕಿಲ್ಲ. ಹೋಗಿ ಇಲ್ಲವೆಂದು ಖಚಿತ ಮಾಡಿಕೊಂಡು ಬಂದರೆ ಹರಿದು ಹಾಕದೆ ಬರೆಯಬಹುದು. ಅಷ್ಟಕ್ಕೇ ಹೋಗುತ್ತೇನೆ.

ಜೂನ್ ೧೩

ಬೆಳಗಿನ ಬಸ್ಸಿಗೆ ತ್ರಾಯೆನ್‌ಗೆ ಹೋಗಿದ್ದೆ. ಆ ಸೇತುವೆ ಈಗ ಕಾಂಕ್ರೀಟಿನದು. ಕಣ್ಣು ಮುಚ್ಚಿಕೊಂಡೇ ದಾಟಿದೆ.

ದಳದ ಠಾಣೆಯೆಂದರೆ ತಗಡಿನ ಒಂದು ಕೊಟ್ಟಿಗೆ. ಬೀಗ ಹಾಕಿತ್ತು. ಎದುರಿನ ದಿನಸಿ ಅಂಗಡಿಯ ಎದಿತ್ ಹುವೆಂಚುಮನ್ ಎಂಬ ಹೆಂಗಸೇ ಅಧ್ಯಕ್ಷೆ. ಐವತ್ತರ ಆಸುಪಾಸು, ಗಟ್ಟಿ ದನಿ. ನನ್ನ ಹೆಸರು ಹೇಳಲಿಲ್ಲ. ಕುರಾಲೆವಿನಿಂದ ಕಾಗದ ನೋಡಲು ಬಂದವಳು ಎಂದೆ.

"ಗಾಡಿ ಕಾಗದ ತಾನೆ? ಇದೆ ಬನ್ನಿ" ಎಂದು ಒಲೆಯ ಪಕ್ಕ ಕುರ್ಚಿ ಹಾಕಿ ಬಿಸ್ಕತ್ತಿನ ತಗಡಿನ ಡಬ್ಬಿ ಕೊಟ್ಟಳು. ಗಿರಾಕಿ ಬಂದರೆಂದು ಹೊರಗೆ ಹೋದಳು. ಪರಿಚಯವೇ ಇಲ್ಲದವಳ ಕೈಗೆ ಡಬ್ಬಿ ಕೊಟ್ಟು ಹೋಗುವುದೇ!

ಹಸ್ತಾಂತರ ಪತ್ರ ಮೇಲಿನಿಂದ ಎರಡನೆಯದೇ ಇತ್ತು. ಕೆಳಗೆ ನೇರಳೆ ಬಣ್ಣದ ದುಂಡನೆಯ ಮುದ್ರೆ, ಒಂಚೂರೂ ಮಾಸಿಲ್ಲ. ಅದರಡಿ ಮಿಲ್ಲಿನವರ ಚೀಟಿ, ೧೯೯೨ರದು: "ಫೈರ್ ಇಂಜಿನ್ ಒಂದು, ನೀರು ಸಾಗಿಸಲು ಎರವಲು ಪಡೆದಿದ್ದೇವೆ." ಎರವಲು. ಮಾರಿಯೇ ಇಲ್ಲ. ಹಾಗಾದರೆ ಗಾಡಿ ಆವತ್ತೂ ಇವರದು, ಇವತ್ತೂ ಇವರದು.

ನಾನು ಇಲ್ಲಿ ಸುಳ್ಳು ಬರೆಯುವುದಿಲ್ಲ. ಪತ್ರ ಕೈಯಲ್ಲಿತ್ತು. ಒಲೆಯ ಬಾಗಿಲು ಮೊಣಕಾಲಿಗೆ ತಾಕುವಷ್ಟು ಹತ್ತಿರ. ಜಗತ್ತಿನಲ್ಲಿ ಇದೊಂದೇ ಪ್ರತಿ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು.

ಹೊರಗೆ ಎದಿತ್ ಜೊತೆ ಒಬ್ಬ ಮುದುಕ ಮಾತಾಡುತ್ತಿದ್ದ.

"ದೊನ್ ದೆಲ್ಫಿನ್ ಇದ್ದಿದ್ರೆ ಮೊನ್ನೆ ಆ ದಿಬ್ಬ ಹತ್ತೇಬಿಡ್ತಿದ್ರು. ಇದೇನು ಹೊಸ ಗಾಡಿ, ಮಣ್ಣು ಕಂಡ್ರೆ ಅಳುತ್ತೆ."

"ಸುಮ್ನಿರಿ ದೊನ್ ಬೌತಿಸ್ತ. ದೊನ್ ದೆಲ್ಫಿನ್‌ಗೆ ಬೆಳಿಗ್ಗೆ ಬೆಳಿಗ್ಗೆ ಎರಡು ಬಿಂದಿಗೆ ಬಿಸಿನೀರು ಹೊಯ್ಬೇಕಿತ್ತು, ಇಲ್ದಿದ್ರೆ ಎದ್ದೇಳ್ತಿರ್ಲಿಲ್ಲ. ಅದನ್ನ ಮರೆತ್ರಾ?"

"ಚಳೀಲಿ ನಿನಗೂ ಏಳೋಕಾಗಲ್ಲ. ಎಪ್ಪತ್ತೈದರಲ್ಲಿ ಶಾಲೆ ಉಳಿಸಿದ್ದು ಯಾರು? ದೊನ್ ದೆಲ್ಫಿನ್ನೇ."

ಅಪ್ಪ ಸತ್ತದ್ದು ಅರವತ್ಮೂರರಲ್ಲಿ. ಪತ್ರ ಹಿಡಿದೇ ಹೊರಗೆ ಬಂದು ಕೇಳಿದೆ, "ಯಾವ ದೊನ್ ದೆಲ್ಫಿನ್?"

"ಗಾಡಿ ಕಣಮ್ಮ" ಎಂದ ಮುದುಕ. "ನಮ್ಮ ಮೊದಲ್ನೇ ಗಾಡಿ."

"ಗಾಡಿಗ್ಯಾಕೆ ಆ ಹೆಸ್ರು?"

"ತಂದುಕೊಟ್ಟೋರ ಹೆಸ್ರು. ನಮ್ಮ ದಳ ಶುರುವಾಗಿ ಆಗ ಹದಿನೈದೇ ದಿನ. ಚೌಕದಲ್ಲಿ ವಾದ್ಯದವ್ರನ್ನ ನಿಲ್ಲಿಸ್ಕೊಂಡು ಗಾಡಿಗೆ ಕಾಯ್ತಿದ್ವಿ. ಅಷ್ಟರಲ್ಲಿ ಹೊಳೆ ಪಕ್ಕದ ಸನ್ಯಾಸಿನಿಯರ ಹಾಸ್ಟೆಲ್ಲಿಗೆ ಬೆಂಕಿ ಬಿತ್ತು. ಒಳಗೆ ಹನ್ನೊಂದು ಹೆಣ್ಣುಮಕ್ಳು. ಅವ್ರು ದಿಬ್ಬದ ಮೇಲಿಂದ ಹೊಗೆ ನೋಡಿದ್ದಾರೆ. ಚೌಕಕ್ಕೆ ಬಂದು ಬೀಗದಕೈ ಕೊಟ್ಟು ಹೋಗೋದಷ್ಟೇ ಅವ್ರ ಕೆಲ್ಸ. ಆದ್ರೆ ತೊರೆ ಹತ್ರ ನಿಲ್ಲಿಸಿ ತೊಟ್ಟಿ ತುಂಬಿಸ್ಕೊಂಡು ನೇರ ಬೆಂಕಿ ಕಡೆ ತಿರುಗಿಸಿದ್ರು. ಅಷ್ಟು ಭಾರಕ್ಕೆ ಸೇತುವೆ ಕೊನೇ ಹಲಗೆಗಳು ಹೋದ್ವು. ಹಿಂದಿನ ಚಕ್ರ ಕೆಳಗಿಳೀತು, ಇವ್ರು ಬಾಗಿಲಿಗೂ ತೊಲೆಗೂ ಮಧ್ಯ ಸಿಕ್ಕಿಹಾಕ್ಕೊಂಡ್ರು. ಇಂಜಿನ್ ಮಾತ್ರ ಓಡ್ತಾನೇ ಇತ್ತು."

ಬೌತಿಸ್ತನಿಗೆ ಆಗ ಇಪ್ಪತ್ನಾಲ್ಕು ವರ್ಷವಂತೆ.

"ತೊಲೆ ಎತ್ತೋಕೆ ಓಡಿದ್ವಿ. 'ನನ್ನ ಆಮೇಲೆ ಎತ್ತಿ, ಮೊದ್ಲು ನೀರು ಬಿಡಿ' ಅಂದ್ರು. ನಮಗೆ ಯಾರಿಗೆ ಬರ್ತಿತ್ತು? ಒಬ್ಬನಾದ್ರೂ ಪಂಪು ಮುಟ್ಟಿದವನಲ್ಲ. ಅಲ್ಲಿಂದ್ಲೇ ಹೇಳ್ಕೊಟ್ರು. ಎಡಗಡೆ ಹಿತ್ತಾಳೆ ಹಿಡಿಕೆ ಮೊದ್ಲು, ಕೆಂಪು ಚಕ್ರ ಆಮೇಲೆ, ಹೊಳೆಗೆ ದಪ್ಪ ಪೈಪು ಇಳಿಸಿ. ನನ್ನ ಕರೆದು, 'ನೀನು ಸೈರನ್ ತಿರುಗ್ಸು, ಬೆಟ್ಟದ ಮೇಲಿರೋರು ಇಳಿದು ಬರ್ಲಿ' ಅಂದ್ರು. ತಿರುಗಿಸ್ದೆ, ಸದ್ದೇ ಬರ್ಲಿಲ್ಲ. ಕೆಟ್ಟಿದೆ ಅಂತ ಅಳೋಕೆ ಶುರು ಮಾಡ್ದೆ. ಆಗ ಅಂದ್ರು…"

"ಮೊದಲ್ನೇ ಮೂರು ಸುತ್ತು ಏನೂ ಕೇಳ್ಸಲ್ಲ" ಎಂದೆ ನಾನು.

ಮುದುಕ ನನ್ನನ್ನೇ ನೋಡಿದ. ಎದಿತ್ ಕೈಯಲ್ಲಿದ್ದ ಅಕ್ಕಿಯ ಪೊಟ್ಟಣ ಕೆಳಗಿಟ್ಟಳು.

"ತಿರುಗಿಸ್ತಾನೇ ಇರು ಅಂದ್ರು" ಎಂದ ಬೌತಿಸ್ತ. "ಮುಕ್ಕಾಲು ಗಂಟೆ ಇದ್ರು. ಹನ್ನೊಂದೂ ಮಕ್ಳು ಹೊರಗೆ ಬಂದ್ವಾ ಅಂತ ಕೇಳಿದ್ರು. ಬಂದ್ವು ಅಂದೆ. ಆಮೇಲೆ ಮಾತಾಡ್ಲಿಲ್ಲ. ನೀವು ಯಾರಮ್ಮ?"

ಹೇಳಿದೆ. ಅಂಗಡಿಯ ಕಟ್ಟೆ ಹಿಡಿದುಕೊಂಡು ಅತ್ತೆ. ಅರವತ್ಮೂರು ವರ್ಷದ ಹೆಂಗಸು, ಪರ ಊರಿನ ದಿನಸಿ ಅಂಗಡಿಯಲ್ಲಿ, ಗೊತ್ತಿಲ್ಲದವರ ಎದುರು. ಅಪ್ಪನ ಹೆಣ ಬಂದಾಗಲೂ ಹೀಗೆ ಅತ್ತಿರಲಿಲ್ಲ, ಅಮ್ಮ ಬಿಟ್ಟಿರಲಿಲ್ಲ.

"ಆ ಹನ್ನೊಂದರಲ್ಲಿ ನಮ್ಮಮ್ಮನೂ ಒಬ್ಬಳು" ಎಂದಳು ಎದಿತ್. ನನ್ನ ಬೆನ್ನ ಮೇಲಿಂದ ಕೈ ತೆಗೆಯಲಿಲ್ಲ.

ಆಮೇಲೆ ಕೊಟ್ಟಿಗೆ ತೆರೆದು ತೋರಿಸಿದರು. ಗೋಡೆಯಲ್ಲಿ ಮರದ ಹಲಗೆ, ಸುಟ್ಟ ಕಬ್ಬಿಣದಿಂದ ಬರೆದ ಒಂದೇ ಹೆಸರು. ಅದರ ಕೆಳಗೆ ಸ್ಟೂಲಿನ ಮೇಲೆ ದಪ್ಪಮ್ಮನ ಸೈರನ್, ಬಟ್ಟೆ ಹೊದಿಸಿ ಇಟ್ಟಿದ್ದಾರೆ. ಗಾಡಿ ಎರವಲು ಕೊಡುವಾಗ ಇದನ್ನು ಮಾತ್ರ ಬಿಚ್ಚಿ ಇಟ್ಟುಕೊಂಡರಂತೆ. ಪ್ರತಿ ಜೂನ್ ಮೂವತ್ತಕ್ಕೆ ಅಪ್ಪನ ಹೆಸರು ಕೂಗುತ್ತಾರೆ. "ಹಾಜರ್" ಎನ್ನುವ ಬದಲು ಬೌತಿಸ್ತ ಸೈರನ್ ತಿರುಗಿಸುತ್ತಾನೆ. ಐವತ್ಮೂರು ವರ್ಷ, ಒಂದು ವರ್ಷವೂ ತಪ್ಪಿಸಿಲ್ಲ.

"ಪ್ರತಿ ವರ್ಷ ನಿಮಗೆ ಕಾಗದ ಬರೀತಿದ್ವಿ" ಎಂದಳು ಎದಿತ್. "ನಿಮ್ಮ ಠಾಣೆ ವಿಳಾಸಕ್ಕೆ. ಬೇರೆ ವಿಳಾಸ ಗೊತ್ತಿರ್ಲಿಲ್ಲ."

"ಕುರಿ ತಂದೋರು ಯಾರು?"

"ಕುರಿ ನಂದು" ಎಂದ ಬೌತಿಸ್ತ. "ಆಲೂಗಡ್ಡೆ ಇವಳ ತಾತಂದು."

ಆಲೂಗಡ್ಡೆ ಕೊಳೆಯಿತು ಎಂದು ಹೇಳಲಾಗಲಿಲ್ಲ. ಚೆನ್ನಾಗಿತ್ತು ಎಂದೆ. ಪತ್ರವನ್ನು ಮಡಿಚಿ ಡಬ್ಬಿಗೆ ಹಾಕಿ ಎದಿತ್ ಕೈಗೇ ಕೊಟ್ಟೆ.

ಜೂನ್ ೧೪

ಅಮ್ಮನ ಸಮಾಧಿಗೆ ಹೋಗಿ ಎಲ್ಲ ಹೇಳಿ ಬಂದೆ. ಪಕ್ಕದ ಸಮಾಧಿಗೆ ಹೂವು ತಂದವರು ಏನಂದುಕೊಂಡರೋ.

ಜೂನ್ ೧೯

ವರದಿ ಒಪ್ಪಿಸಿದೆ. ಎರಡೇ ಪುಟ. ಕೊನೆಯ ಸಾಲು: "೧೯೬೩ರ ಆಗಸ್ಟ್ ೧೭ರ ಬೆಳಿಗ್ಗೆ ಹತ್ತರಿಂದ ಈವರೆಗೆ ಸದರಿ ವಾಹನದ ಒಡೆತನ ತ್ರಾಯೆನ್ ಸ್ವಯಂಸೇವಕ ದಳದ್ದು."

ದೊನ್ ರೆಯ್ನಾಲ್ಡೊ ಓದಿ ಮೇಜಿನ ಮೇಲೆ ಎಸೆದರು. "ಏನು ಮಾಡಿದ್ರಿ ಗೊತ್ತಾ? ನಿಮ್ಮಪ್ಪನ ಹೆಸರನ್ನ ನಿಮ್ಮ ಕೈಯಾರೆ ಅಳಿಸಿಹಾಕಿದ್ರಿ."

"ಬರೆದಿದ್ರೆ ತಾನೆ ಅಳಿಸೋದು? ಅದಿರ್ಲಿ, ಐವತ್ಮೂರು ವರ್ಷ ಈ ಠಾಣೆ ವಿಳಾಸಕ್ಕೆ ನನ್ನ ಹೆಸರಿಗೆ ಕಾಗದ ಬಂದಿದೆ. ಅವೆಲ್ಲಿ?"

ಅವರ ಮುಖ ಇಳಿದುಹೋಯಿತು. ಬಿಸಾಡಿರಬೇಕು, ಇಲ್ಲವೇ ಯಾರೂ ಒಡೆದೇ ನೋಡಿರಲಿಕ್ಕಿಲ್ಲ. ಮುದುಕರಾಗಿದ್ದಾರೆ, ಹೆಚ್ಚು ಕೆದಕಲಿಲ್ಲ.

ಯಾಸ್ನಾ ಮಾತ್ರ ವರದಿಯನ್ನು ಎರಡು ಸಲ ಓದಿ, "ಅವ್ರ ಗಾಡಿ ಅವ್ರಿಗೆ ತಲುಪಿಸ್ಬೇಕಲ್ಲ, ದೊನ್ಯ ಎರ್ನಾ" ಎಂದಳು. ಎದಿತ್‌ಗೆ ಫೋನ್ ಹಚ್ಚಿ ಕೊಟ್ಟೆ. ನೂರು ವರ್ಷದ ಹಬ್ಬಕ್ಕೆ ಬೇಕಾದರೆ ಇಟ್ಟುಕೊಂಡು ಆಮೇಲೆ ಕಳಿಸಿ, ಆದರೆ ಬಾಗಿಲ ಮೇಲೆ ಹೆಸರು ಬರೆದಿರಬೇಕು ಎಂದಳಂತೆ. ನಮ್ಮ ತ್ರಾಯೆನ್‌ನವರು ದೊಡ್ಡ ಮನಸ್ಸಿನವರು.

ಜೂನ್ ೨೭

ಯಾಸ್ನಾ ಬಾಗಿಲಿನ ಹಳದಿಯನ್ನು ಪೂರ್ತಿ ತೆಗೆದಳು. ಅಗ್ಗದ ಕೆಂಪಿನ ಮೇಲೆ ಬಿಳಿ ಅಕ್ಷರ ಕಾಣಿಸಿತು, ವಂಕರ ಟಿಂಕರ, ಯಾರೋ ಕೈಯಲ್ಲೇ ಬರೆದದ್ದು. "ದೊನ್ ದೆಲ್ಫಿನ್." ಅದನ್ನು ಹಾಗೇ ಬಿಡು, ಮೇಲೆ ಬಣ್ಣ ಬಳಿಯಬೇಡ ಎಂದೆ.

ಇವತ್ತು ಗಾಡಿಯನ್ನು ಮುಟ್ಟಿದೆ. ಎಷ್ಟು ತಣ್ಣಗಿತ್ತು! ಬಾನೆಟ್ ಒರೆಸಿ ಬಂದೆ.

ಜೂನ್ ೩೦

ಬೆಳಿಗ್ಗೆ ಬಸ್ಸಿನಲ್ಲಿ ಹೋದೆ. ಸೇತುವೆ ದಾಟುವಾಗ ಕಣ್ಣು ತೆರೆದೇ ಇದ್ದೆ. ಹೊಳೆ ಅಷ್ಟೇನೂ ಅಗಲವಿಲ್ಲ. ಹಾಸ್ಟೆಲ್ ಇದ್ದ ಜಾಗದಲ್ಲಿ ಈಗ ಯಾರದೋ ಕೋಳಿ ಗೂಡು.

ತಗಡಿನ ಕೊಟ್ಟಿಗೆಯಲ್ಲಿ ಹದಿನಾಲ್ಕು ಜನ ಸಾಲಾಗಿ ನಿಂತಿದ್ದರು, ಅರ್ಧ ಜನರ ಸಮವಸ್ತ್ರ ಎರವಲು ತಂದದ್ದು. ಯಾಸ್ನಾ ಕುರಾಲೆವಿನ ಮೆರವಣಿಗೆ ಬಿಟ್ಟು ಇಲ್ಲಿಗೆ ಬಂದಿದ್ದಳು. ಅಮೃತಶಿಲೆಯ ಕಲ್ಲಿನ ಬಗ್ಗೆ ಅಲ್ಲಿ ಏನಾಯಿತೆಂದು ಅವಳನ್ನು ಕೇಳಬೇಕೆಂದಿದ್ದೆ, ಮರೆತೇಹೋಯಿತು.

ಎದಿತ್ ಹಲಗೆಯ ಎದುರು ನಿಂತು ಕಾಗದವಿಲ್ಲದೆ ಕೂಗಿದಳು: "ದೆಲ್ಫಿನ್ ಒಯಾರ್ಸೊ!"

ಬೌತಿಸ್ತ ಸೈರನ್ನಿನ ಬಟ್ಟೆ ತೆಗೆದ. ಹಿಡಿಕೆಗೆ ಕೈ ಹಾಕಿದವನು, ಏನನ್ನಿಸಿತೋ, ನನ್ನ ಕಡೆ ತಿರುಗಿದ. "ನನ್ನ ತೋಳು ಸೋತಿದೆ ಮಗಳೇ. ಈ ವರ್ಷ ನೀನು ತಿರುಗ್ಸು" ಎಂದ. ಸುಳ್ಳು, ಬೆಳಿಗ್ಗೆ ತಾನೇ ಸೌದೆ ಒಡೆಯುತ್ತಿದ್ದ.

ಹಿಡಿಕೆ ಹಿಡಿದೆ. ನಾನು ನೆನಪಿಟ್ಟುಕೊಂಡಷ್ಟು ದೊಡ್ಡದಲ್ಲ ಅದು, ಆದರೆ ಬಿಗಿ. ಒಂದು ಸುತ್ತು ತಿರುಗಿಸಿದೆ. ಎರಡು. ಮೂರು. ಏನೂ ಕೇಳಿಸಲಿಲ್ಲ.

ತಿರುಗಿಸುತ್ತಲೇ ಇದ್ದೆ.